ನಕಲಿ ಊರಿನಲ್ಲಿ ಅಸಲಿ ಆಟ: ‘ಫೈವ್ ಟ್ರೈಬ್ಸ್’ ಆಡಿ ನೋಡಿದ ಮೇಲೆ

ಮುದಿ ಸುಲ್ತಾನ ತೀರಿಕೊಂಡಿದ್ದಾನೆ. ನಕಲಾ ಅನ್ನುವ ರಾಜ್ಯದ ಗದ್ದುಗೆ ಖಾಲಿ. ಎಲ್ಲಿಂದಲೋ ಬಂದ ಅಪರಿಚಿತರು ಅಲ್ಲಿನ ಐದು ಬುಡಕಟ್ಟುಗಳನ್ನು ಜಾಣತನದಿಂದ ನಡೆಸಿ ಊರಿನ ಮೇಲೆ ಹಿಡಿತ ಸಾಧಿಸುತ್ತಾರೆ ಅಂತ ಭವಿಷ್ಯಕಾರರು ಮೊದಲೇ ಹೇಳಿಬಿಟ್ಟಿದ್ದಾರೆ. ಆ ಅಪರಿಚಿತರು ಬೇರೆ ಯಾರೂ ಅಲ್ಲ, ಮೇಜಿನ ಸುತ್ತ ಕೂತಿರುವ ನಾವು. ‘ಫೈವ್ ಟ್ರೈಬ್ಸ್’ ಎಂಬ ಬೋರ್ಡ್ ಗೇಮಿನ ಕಥೆ ಇಷ್ಟೇ. ಫ್ರಾನ್ಸಿನ ಬ್ರೂನೋ ಕಥಾಲಾ ರಚಿಸಿದ ಈ ಆಟವನ್ನು ‘ಡೇಸ್ ಆಫ್ ವಂಡರ್’ ಎಂಬ ಪ್ರಕಾಶನ ಸಂಸ್ಥೆ 2014ರಲ್ಲಿ ಹೊರತಂದಿತು. ಇಬ್ಬರಿಂದ ನಾಲ್ವರವರೆಗೆ ಆಡಬಹುದು, 13 ವರ್ಷ ದಾಟಿರಬೇಕು, ಡಬ್ಬಿಯ ಮೇಲೆ ಬರೆದಿರುವ ಸಮಯ 40ರಿಂದ 80 ನಿಮಿಷ. ಆ 80 ನಿಮಿಷದ ಮಾತಿಗೆ ಆಮೇಲೆ ಬರ್ತೀನಿ.

ಮೊದಲು ‘ನಕಲಾ’ ಅನ್ನುವ ಹೆಸರು. ಅರಬಿಯಲ್ಲಿ ‘ನಕಲ’ ಅಂದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸು ಅಂತ. ಗುಳಿಗಳಲ್ಲಿ ಬೀಜ ಹಂಚುತ್ತಾ ಹೋಗುವ ಆಟಗಳಿಗೆ ಇರುವ ‘ಮಂಕಲಾ’ ಎಂಬ ಹೆಸರು ಈ ಧಾತುವಿನಿಂದಲೇ ಬಂದದ್ದು. ನಮ್ಮ ಕನ್ನಡದ ‘ನಕಲು’ ಕೂಡ ಅದೇ ಮನೆಯ ಮಗು. ಒಂದು ಹಾಳೆಯಿಂದ ಇನ್ನೊಂದು ಹಾಳೆಗೆ ಸಾಗಿಸಿದರೆ ಅದು ನಕಲು. ಈ ಎರಡೂ ಅರ್ಥ ಈ ಆಟಕ್ಕೆ ಒಪ್ಪುತ್ತವೆ. ಕಾಯಿಗಳನ್ನು ಸಾಗಿಸುವ ಕಲೆ ಇದರಲ್ಲಿ ಪಕ್ಕಾ ಅಸಲಿ. ಆದರೆ ಆ ಕಾಯಿಗಳು ಓಡಾಡುವ ಅರಬ್ಬೀ ಊರು, ಎಲ್ಲೋ ನೋಡಿದ ಚಿತ್ರಗಳಿಂದ ಎತ್ತಿ ಅಂಟಿಸಿದ್ದು. ಆಟ ಚೆನ್ನಾಗಿದೆಯಾ ಅಂತ ಕೇಳುವವರಿಗೆ ನಾನು ಈ ಎರಡನ್ನೂ ಬೇರೆ ಬೇರೆ ಮಾಡಿಯೇ ಉತ್ತರ ಕೊಡಬೇಕು.

ಇಂಥ ಆಟಗಳ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ‘ವರ್ಕರ್ ಪ್ಲೇಸ್‌ಮೆಂಟ್’ ಅಂದರೆ ಕೆಲಸಗಾರರನ್ನು ಕೆಲಸದ ಜಾಗಕ್ಕೆ ಕಳಿಸುವ ಆಟ. ವಿಲಿಯಂ ಅಟಿಯಾ ಅವರ ‘ಕೇಲಸ್’ (2005), ಉವೆ ರೋಸೆನ್‌ಬರ್ಗ್ ಅವರ ‘ಅಗ್ರಿಕೋಲಾ’ (2007) ಈ ಜಾತಿಗೆ ದೊಡ್ಡ ಹೆಸರು ತಂದ ಆಟಗಳು. ‘ಅಗ್ರಿಕೋಲಾ’ದಲ್ಲಿ ನೀವು ಒಬ್ಬ ಬಡ ರೈತ. ಶುರುವಿನಲ್ಲಿ ಗಂಡ-ಹೆಂಡತಿ ಇಬ್ಬರೇ ದುಡಿಯುವವರು. ಒಬ್ಬರನ್ನು ಕಟ್ಟಿಗೆ ತರಲು ಕಳಿಸಿದರೆ ಇನ್ನೊಬ್ಬರನ್ನು ಉಳುಮೆಗೆ ಕಳಿಸಬಹುದು, ಅಷ್ಟೇ. ಆ ಜಾಗಕ್ಕೆ ನೀವು ಮೊದಲು ಹೋದರೆ ಆ ಸುತ್ತಿನಲ್ಲಿ ಬೇರೆಯವರಿಗೆ ಅದು ಬಂದ್. ಮುಂಬಯಿಯಲ್ಲಿ ಬೆಳಿಗ್ಗೆ ಕೂಲಿ ನಾಕಾದಲ್ಲಿ ನಿಂತು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕೆಲಸ ಎಣಿಕೆಯಷ್ಟು, ಕೈಗಳು ಜಾಸ್ತಿ, ತಡವಾಗಿ ಬಂದವನಿಗೆ ಉಳಿದದ್ದೇ ಗತಿ.

‘ಫೈವ್ ಟ್ರೈಬ್ಸ್’ ಈ ಪದ್ಧತಿಯನ್ನು ತಲೆಕೆಳಗು ಮಾಡುತ್ತೆ. ಇಲ್ಲಿ ನಿಮಗೆ ಅಂತ ಒಬ್ಬ ಕೆಲಸಗಾರನೂ ಇಲ್ಲ. 30 ಟೈಲ್‌ಗಳನ್ನು 5 ಸಾಲು 6 ಸಾಲಾಗಿ ಜೋಡಿಸಿ, ಚೀಲದಿಂದ ಕಣ್ಣು ಮುಚ್ಚಿ ತೆಗೆದ ಮನುಷ್ಯಾಕಾರದ ಮರದ ಕಾಯಿಗಳನ್ನು ಒಂದೊಂದು ಟೈಲ್ ಮೇಲೆ ಮೂರು ಮೂರು ಇಡುತ್ತಾರೆ. ಒಟ್ಟು 90 ಕಾಯಿ, ಐದು ಬಣ್ಣ. ಅಂದರೆ ಆಟ ಶುರುವಾಗುವ ಮೊದಲೇ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ ನಿಂತಾಗಿದೆ. ನಿಮ್ಮ ಕೆಲಸ ಅವರನ್ನು ಎತ್ತುವುದು.

ಎತ್ತುವ ಕ್ರಮ ಹೀಗೆ. ಒಂದು ಟೈಲ್ ಆರಿಸಿ ಅಲ್ಲಿರುವ ಎಲ್ಲ ಕಾಯಿ ಕೈಗೆ ತಗೊಳ್ಳಬೇಕು. ಪಕ್ಕದ ಟೈಲ್‌ನಲ್ಲಿ ಒಂದು, ಅದರ ಪಕ್ಕದಲ್ಲಿ ಒಂದು, ಹೀಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಮೂಲೆಯಿಂದ ಮೂಲೆಗೆ ಹಾರುವಂತಿಲ್ಲ, ಬಂದ ಹೆಜ್ಜೆಗೇ ಹಿಂದಿರುಗುವಂತಿಲ್ಲ. ಕೊನೆಯ ಕಾಯಿ ಬೀಳುವ ಟೈಲ್‌ನಲ್ಲಿ ಅದೇ ಬಣ್ಣದ ಕಾಯಿ ಒಂದಾದರೂ ಮೊದಲೇ ಇರಲೇಬೇಕು. ಅಲ್ಲಿ ಆ ಬಣ್ಣದವು ಎಷ್ಟಿವೆಯೋ ಅಷ್ಟನ್ನೂ ಎತ್ತಿಕೊಂಡು ಆ ಬಣ್ಣದ ಕೆಲಸ ಮಾಡಬೇಕು, ಆಮೇಲೆ ಆ ಟೈಲ್‌ನ ಕೆಲಸ. ಎತ್ತಿದ ಮೇಲೆ ಟೈಲ್ ಪೂರ್ತಿ ಖಾಲಿಯಾದರೆ ನಿಮ್ಮ ಬಣ್ಣದ ಒಂಟೆಯನ್ನು ಅಲ್ಲಿ ನಿಲ್ಲಿಸಿ, ಜಾಗ ನಿಮ್ಮದು.

ಕರಾವಳಿಯ ಮನೆಗಳಲ್ಲಿ ಚೆನ್ನೆಮಣೆ ಆಡಿ ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ. ಆ ಕಡೆ ಏಳು, ಈ ಕಡೆ ಏಳು ಗುಳಿ, ಗುಳಿಗೆ ನಾಲ್ಕು ಬೀಜ. ಒಂದು ಗುಳಿ ಬರಿದು ಮಾಡಿ ಒಂದೊಂದೇ ಬೀಜ ಬಿಡುತ್ತಾ ಹೋಗುವಾಗ ಬೆರಳಿಗೆ ಬರುವ ಆ ಲಯ ಇಲ್ಲೂ ಇದೆ. ಬೇರೆ ಊರುಗಳಲ್ಲಿ ಇದನ್ನೇ ಅಳಗುಳಿ ಮಣೆ ಅಂತಾರೆ. ಆದರೆ ಚೆನ್ನೆಮಣೆಯಲ್ಲಿ ದಾರಿ ಒಂದೇ, ಬೀಜಗಳೆಲ್ಲ ಒಂದೇ. ಎಣಿಕೆ ಗೊತ್ತಿದ್ದವರು ಗೆಲ್ಲುತ್ತಾರೆ. ಇಲ್ಲಿ ಹೆಜ್ಜೆ ಹೆಜ್ಜೆಗೂ ದಾರಿ ಕವಲೊಡೆಯುತ್ತೆ, ಬೀಜಕ್ಕೆ ಬಣ್ಣ ಇದೆ, ಯಾವ ಬಣ್ಣವನ್ನು ಕೊನೆಗೆ ಉಳಿಸಿಕೊಳ್ಳಬೇಕು ಅನ್ನುವುದೇ ಅರ್ಧ ಆಟ. ನಡುವಿನ ಒಂದು ಟೈಲ್‌ನಿಂದ ಬರೀ ಮೂರು ಕಾಯಿ ಎತ್ತಿದರೂ 30ಕ್ಕೂ ಹೆಚ್ಚು ದಾರಿಗಳಲ್ಲಿ ನಡೆಯಬಹುದು. ಅದರಲ್ಲಿ ಎಲ್ಲವೂ ನಿಯಮಕ್ಕೆ ಕೂಡಿ ಬರುವುದಿಲ್ಲ, ನಿಜ. ಆದರೆ ಕೂಡಿ ಬರುತ್ತೋ ಇಲ್ಲವೋ ಅಂತ ತಿಳಿಯಲು ಒಂದೊಂದನ್ನೂ ಕಣ್ಣಲ್ಲೇ ನಡೆದು ನೋಡಬೇಕಲ್ಲ!

ಬಣ್ಣಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ, ಒಂದೆರಡನ್ನು ಬಿಟ್ಟು. ನೀಲಿಯವರು ಕಟ್ಟಡದವರು, ಸುತ್ತಲಿನ ನೀಲಿ ಅಂಕೆಯ ಟೈಲ್‌ಗಳ ಲೆಕ್ಕದ ಮೇಲೆ ಬಂಗಾರದ ನಾಣ್ಯ ಕೊಡುತ್ತಾರೆ. ಹಸಿರಿನವರು ವ್ಯಾಪಾರಿಗಳು, ಎಷ್ಟು ಜನ ಸಿಕ್ಕರೋ ಅಷ್ಟು ಎಲೆಗಳನ್ನು ಸಂತೆಯ ಸಾಲಿನ ಮೊದಲಿನಿಂದ ತೆಗೆದುಕೊಳ್ಳಬಹುದು. ಬಿಳಿಯವರು ಹಿರಿಯರು, ಒಬ್ಬೊಬ್ಬರಿಗೆ 2 ಅಂಕ. ಜಿನ್ನ್‌ಗಳನ್ನು ಕರೆಯಲು ಇವರು ಬೇಕು. ಇವು ಮೂರೂ ನೇರ ಲೆಕ್ಕದವು.

ಹಳದಿ ಮತ್ತು ಕೆಂಪು ಹಾಗಲ್ಲ. ಹಳದಿಯವರು ವಜೀರರು. ಒಬ್ಬೊಬ್ಬರಿಗೆ ಒಂದೇ ಅಂಕ. ಆದರೆ ಆಟ ಮುಗಿದಾಗ ನಿಮಗಿಂತ ಕಮ್ಮಿ ವಜೀರರಿರುವ ಪ್ರತಿ ಎದುರಾಳಿಗೆ 10ರಂತೆ ನಿಮಗೆ ಹೆಚ್ಚುವರಿ ಅಂಕ. ನಾಲ್ವರು ಆಡುವಾಗ ಎಲ್ಲರಿಗಿಂತ ಒಬ್ಬ ವಜೀರ ಜಾಸ್ತಿ ಇಟ್ಟುಕೊಂಡವನಿಗೆ 30 ಅಂಕ ಬಂದ ಹಾಗಾಯ್ತು. ಇಬ್ಬರ ಹತ್ತಿರವೂ ಐದೈದು ವಜೀರರಿದ್ದರೆ ಒಬ್ಬರಿಗೊಬ್ಬರು ಏನೂ ಕೊಡಬೇಕಿಲ್ಲ. ಆಗ ಒಬ್ಬ ಕೆಂಪಿನವನನ್ನು, ಅಂದರೆ ಹಂತಕನನ್ನು, ಹಿಡಿದುಕೊಂಡು ಬಂದು ಎದುರಾಳಿಯ ಒಬ್ಬ ವಜೀರನನ್ನು ಕೊಲ್ಲಿಸಿದರೆ ಅವನಿಗೆ ಹೋಗುವುದು ಒಂದಂಕ, ನಿಮಗೆ ಬರುವುದು ಹತ್ತು. ಹಂತಕನಿಗೆ ಇನ್ನೊಂದು ಕೆಲಸವೂ ಗೊತ್ತು. ಹತ್ತಿರದ ಟೈಲ್‌ನಲ್ಲಿ ಒಂಟಿಯಾಗಿ ನಿಂತವನನ್ನು ಮುಗಿಸಿದರೆ ಆ ಟೈಲ್ ಖಾಲಿ, ಅಲ್ಲೂ ನಿಮ್ಮ ಒಂಟೆ. ಒಂದೇ ಸರದಿಯಲ್ಲಿ ಎರಡು ಜಾಗ. ಹೊಸಬರು ಕೆಂಪು ಕಾಯಿಗಳನ್ನು ಮೂಸಿ ನೋಡುವುದಿಲ್ಲ, ಮೂರನೇ ಸಲ ಆಡುವವರು ಬಿಡುವುದಿಲ್ಲ.

ಈಗ ಹರಾಜು. ನನ್ನ ಪ್ರಕಾರ ಈ ಆಟದ ಜೀವ ಇರುವುದು ಇಲ್ಲಿ. ಪ್ರತಿ ಸುತ್ತಿನಲ್ಲೂ ಯಾರು ಮೊದಲು ಆಡಬೇಕು ಅನ್ನುವುದಕ್ಕೆ ದುಡ್ಡು ಕಟ್ಟಬೇಕು. ಹಲಗೆಯ ಮೇಲೆ ಬೆಲೆ ಬರೆದಿದೆ: ಮೂರು ಜಾಗಗಳಿಗೆ ಸೊನ್ನೆ, ಆಮೇಲೆ 1, 3, 5, 8, 12, 18. ಎಲ್ಲರೂ 50 ನಾಣ್ಯದಿಂದ ಶುರು ಮಾಡುತ್ತಾರೆ. ಕೊನೆಯಲ್ಲಿ ಒಂದು ನಾಣ್ಯಕ್ಕೆ ಒಂದು ಅಂಕ. ಈ ಒಂದು ಸಾಲು ಕಿವಿಗೆ ಬಿದ್ದರೂ ತಲೆಗೆ ಹೋಗಲು ಒಂದು ಆಟ ಬೇಕಾಗುತ್ತೆ. 18 ಕೊಟ್ಟು ಮೊದಲ ಸರದಿ ಕೊಂಡವನು 18 ಅಂಕ ಎಸೆದು ಹೋದ ಹಾಗೆ. ಹಾಗಾದರೆ ಯಾವಾಗ ಕೊಡಬೇಕು? ಹಲಗೆಯಲ್ಲಿ 25 ಅಂಕದ ನಡೆ ಕಂಡಿತು ಅಂತ ಕೊಡುವಂತಿಲ್ಲ. ಅದನ್ನು ಬಿಟ್ಟರೆ ಎರಡನೇ ಒಳ್ಳೆ ನಡೆ ಎಷ್ಟರದು ಅಂತ ನೋಡಬೇಕು. ಅದು 22ರದಾಗಿದ್ದರೆ ಮೊದಲ ಸರದಿಯ ಬೆಲೆ ಮೂರೇ ನಾಣ್ಯ. ಅದು 6ರದಾಗಿದ್ದರೆ 18 ಕೊಟ್ಟರೂ ಲಾಭವೇ. ಇನ್ನೂ ಒಂದು ಪ್ರಶ್ನೆ ಉಳಿಯುತ್ತೆ: ಆ ನಡೆ ಎದುರಿಗೆ ಕೂತವರ ಕಣ್ಣಿಗೂ ಬಿದ್ದಿದೆಯಾ? ಬಿದ್ದಿಲ್ಲ ಅಂತ ನಿಮಗೆ ಅನ್ನಿಸಿದರೆ ಸೊನ್ನೆಯಲ್ಲಿ ಕೂತು ಸುಮ್ಮನೆ ಕಾಯಬಹುದು. ಹೀಗೆ ಹಲಗೆ ಓದುವುದರ ಜೊತೆಗೆ ಮನುಷ್ಯರನ್ನೂ ಓದಬೇಕಾಗುತ್ತೆ. ಬೆಲೆ ಅನ್ನುವುದು ವಸ್ತುವಿನಲ್ಲಿ ಇರುವುದಿಲ್ಲ, ಅದು ಇಲ್ಲದಿದ್ದರೆ ಏನು ಸಿಗುತ್ತೆ ಅನ್ನುವುದರಲ್ಲಿ ಇರುತ್ತೆ ಎಂಬ ಪಾಠವನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಕಲಿಸಲು ಇದಕ್ಕಿಂತ ಒಳ್ಳೆ ಸಾಧನ ನಾನು ನೋಡಿಲ್ಲ.

ಒಂದು ಮಾತು ನಡುವೆ. ಮನೆಯಲ್ಲಿ ಆಟ ಹರಡಿದಾಗ ಹಿರಿಯರೊಬ್ಬರು ಬಂದು “ದಾಳ ಗೀಳ ಇದೆಯೇನಪ್ಪಾ?” ಅಂತ ಕೇಳುವುದು ನಮ್ಮ ಮನೆಗಳಲ್ಲಿ ಮಾಮೂಲಿ. ಇದರಲ್ಲಿ ದಾಳ ಇಲ್ಲ. ಹರಾಜಿನ ದುಡ್ಡೂ ಆಟದ ಡಬ್ಬಿಯದೇ, ಯಾರ ಜೇಬಿನದೂ ಅಲ್ಲ. ಅದೃಷ್ಟ ಇರುವುದು ಶುರುವಿನ ಜೋಡಣೆಯಲ್ಲಿ, ಆಮೇಲೆ ಸಾಲಿಗೆ ಬರುವ ಎಲೆಗಳಲ್ಲಿ. ಅಷ್ಟು ಹೇಳಿದರೆ ಸಾಮಾನ್ಯವಾಗಿ ಅವರೂ ಕೂತು ನೋಡ್ತಾರೆ.

ಇನ್ನು 80 ನಿಮಿಷದ ಮಾತು. ನಾಲ್ವರಲ್ಲಿ ಇಬ್ಬರು ಹೊಸಬರಿದ್ದರೆ ಅಷ್ಟರಲ್ಲಿ ಮುಗಿಯುವುದು ಕಷ್ಟ. ಕಾರಣ ಸರಳ. ನಿಮ್ಮ ಸರದಿ ಬರುವ ತನಕ ಯೋಚನೆ ಮಾಡಿಟ್ಟುಕೊಂಡು ಪ್ರಯೋಜನ ಇಲ್ಲ, ಯಾಕಂದ್ರೆ ನಿಮಗಿಂತ ಮುಂಚೆ ಆಡಿದ ಮೂವರು ಹಲಗೆಯನ್ನು ಕಲಕಿ ಹಾಕಿರುತ್ತಾರೆ. ನೀವು ಕಣ್ಣಿಟ್ಟ ಟೈಲ್‌ನಲ್ಲಿ ಈಗ ಒಂದು ಬೇಡದ ಕಾಯಿ ಬಂದು ಕೂತಿರುತ್ತೆ. ಮತ್ತೆ ಮೊದಲಿನಿಂದ ಶುರು. ಅದರಲ್ಲೂ ಮೊದಲ ಎರಡು ಸುತ್ತುಗಳಲ್ಲಿ ಎಲ್ಲ ಟೈಲೂ ತುಂಬಿರುವಾಗ ಲೆಕ್ಕದಲ್ಲಿ ಹುಷಾರಾದ ಹುಡುಗನೊಬ್ಬ ಹಲಗೆ ದಿಟ್ಟಿಸುತ್ತಾ ಕೂತರೆ ಉಳಿದವರು ಚಹಾ ಮಾಡಿಕೊಂಡು ಬರಬಹುದು. ಕೊನೆಕೊನೆಗೆ ಊರು ಖಾಲಿಯಾಗುತ್ತಾ ಬಂದ ಹಾಗೆ ನಡೆಗಳು ಕಮ್ಮಿಯಾಗಿ ಆಟ ಚುರುಕಾಗುತ್ತೆ. ತಾಳ್ಮೆ ಇಲ್ಲದವರು ಅಷ್ಟರೊಳಗೆ ಫೋನ್ ತೆಗೆದಿರುತ್ತಾರೆ.

ಇದರಿಂದಲೇ ನನ್ನ ಇನ್ನೊಂದು ತಕರಾರು. ಇದನ್ನು ‘ಸ್ಟ್ರಾಟೆಜಿ ಗೇಮ್’ ಅಂತ ಮಾರುತ್ತಾರೆ. ಸ್ಟ್ರಾಟೆಜಿ ಅಂದರೆ ದೂರದ ಯೋಜನೆ. ‘ಅಗ್ರಿಕೋಲಾ’ದಲ್ಲಿ 14 ಸುತ್ತು, ಆರು ಕೊಯ್ಲು ಅಂತ ಮೊದಲೇ ಗೊತ್ತಿರುತ್ತೆ, ಆ ಕೊಯ್ಲಿಗೆ ಮನೆಯವರ ಊಟಕ್ಕೆ ಏನು ಮಾಡಬೇಕು ಅಂತ ನಾಲ್ಕು ಸುತ್ತು ಮುಂಚೆಯೇ ಚಿಂತೆ ಶುರು. ಇಲ್ಲಿ ಅಂಥ ಚಿಂತೆ ಇಲ್ಲ. ಇವತ್ತು ಹಲಗೆ ಏನು ಕೊಟ್ಟಿತೋ ಅದನ್ನು ಬಾಚಿಕೊಳ್ಳುವುದು, ಬೇರೆಯವರಿಗೆ ಏನನ್ನು ತೆರೆದು ಬಿಡುತ್ತಿದ್ದೇನೆ ಅಂತ ಒಂದು ಸಲ ತಿರುಗಿ ನೋಡುವುದು. ಸಮಯಸಾಧಕತನ ಅಂದರೂ ತಪ್ಪಿಲ್ಲ. ದೂರದ ಎಳೆಗಳು ಎರಡೇ. ಒಂದು, ಸರಕು. ಒಂಬತ್ತು ಬಗೆಯ ಸರಕಿನ ಎಲೆಗಳಲ್ಲಿ ಬೇರೆ ಬೇರೆ ಬಗೆಯವು ಕೂಡಿಸಿದಷ್ಟೂ ಬೆಲೆ ಏರುತ್ತೆ: ಒಂದಕ್ಕೆ 1, ಎರಡಕ್ಕೆ 3, ಐದಕ್ಕೆ 21, ಒಂಬತ್ತೂ ಕೂಡಿದರೆ 60. ಮೀನು, ಗೋಧಿ, ಮಡಕೆ ಸುಲಭವಾಗಿ ಸಿಗುತ್ತವೆ. ದಂತ, ರತ್ನ, ಬಂಗಾರ ಎರಡೆರಡೇ ಎಲೆ. ಎರಡನೆಯದು ಜಿನ್ನ್. ಒಂದು ಜಿನ್ನ್ ಸಿಕ್ಕಿದರೆ ನಿಮ್ಮ ಮುಂದಿನ ದಾರಿಗೆ ಒಂದು ದಿಕ್ಕು ಬರುತ್ತೆ. ಈ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ಆ ಗಳಿಗೆಯ ಜಾಣತನ. ಇದನ್ನು ದೋಷ ಅಂತ ನಾನು ಹೇಳ್ತಿಲ್ಲ. ಯೋಜನೆ ಹಾಕಿ ಗೆಲ್ಲುವ ಸುಖ ಬೇಕಿದ್ದವರು ಇದನ್ನು ಕೊಂಡು ಬೇಸರ ಮಾಡಿಕೊಳ್ಳಬಾರದು, ಅಷ್ಟೇ.

ಇಬ್ಬರೇ ಆಡುವಾಗ ಚಿತ್ರ ಬದಲಾಗುತ್ತೆ. ಆಗ ಒಬ್ಬೊಬ್ಬರಿಗೆ ಎರಡೆರಡು ಸರದಿ, ಎರಡಕ್ಕೂ ಬೇರೆ ಬೇರೆ ಹರಾಜು. ಹೆಚ್ಚು ದುಡ್ಡು ಸುರಿದರೆ ಎರಡು ಸರದಿಯನ್ನೂ ಬೆನ್ನುಬೆನ್ನಿಗೆ ಆಡಬಹುದು. ಮೊದಲ ನಡೆಯಲ್ಲಿ ನೆಲ ಹದ ಮಾಡಿ ಎರಡನೆಯದರಲ್ಲಿ ಫಸಲು ಎತ್ತುವುದು. ಕಾಯುವ ಕಾಟ ಇಲ್ಲ, ಯೋಚಿಸಿದ್ದು ಕೈಗೂಡುತ್ತೆ. ಪುಣೆಯ ನಮ್ಮ ಗುಂಪಿನಲ್ಲಿ ಇದು ಅತಿ ಹೆಚ್ಚು ಸಲ ಮೇಜಿಗೆ ಬಂದದ್ದು ಇಬ್ಬರಾಟವಾಗಿಯೇ.

ಇಷ್ಟು ಆಟದ ಮಾತು. ಇನ್ನು ಊರಿನ ಮಾತು.

ಸಂತೆಯ ಸಾಲಿನಲ್ಲಿ ಸರಕಿನ 36 ಎಲೆಗಳ ಜೊತೆ 18 ಬೇರೆ ಎಲೆಗಳೂ ಬರುತ್ತವೆ. 2014ರ ಮೊದಲ ಮುದ್ರಣದಲ್ಲಿ ಅವುಗಳ ಹೆಸರು ‘ಸ್ಲೇವ್’, ಗುಲಾಮ. ದಂತ, ರೇಷ್ಮೆಗಳ ಪಕ್ಕದಲ್ಲಿ ಮನುಷ್ಯ. ಮೂರು ನಾಣ್ಯ ಕೊಟ್ಟು ಸಣ್ಣ ಸಂತೆಯಲ್ಲಿ ಕೊಳ್ಳಬಹುದು, ಬೇಕಾದಾಗ ಖರ್ಚು ಮಾಡಬಹುದು. ಆಕ್ಷೇಪ ಬಂತು, ಬರಲೇಬೇಕಿತ್ತು. ಮುಂದಿನ ಮುದ್ರಣಗಳಲ್ಲಿ ಪ್ರಕಾಶಕರು ಹೆಸರು ಮತ್ತು ಚಿತ್ರ ಬದಲಿಸಿ ‘ಫಕೀರ್’ ಅಂತ ಮಾಡಿದರು. ಬದಲಿಸಿದ್ದು ಒಳ್ಳೆಯದೇ. ಆದರೆ ಹೇಗೆ ಬದಲಿಸಿದರು ನೋಡಿ. ಒಂದೇ ಒಂದು ನಿಯಮ ಬದಲಾಗಲಿಲ್ಲ. ಮೊನ್ನೆ ಗುಲಾಮನನ್ನು ಮೂರು ನಾಣ್ಯಕ್ಕೆ ಕೊಳ್ಳುತ್ತಿದ್ದೆವು, ಇವತ್ತು ಫಕೀರನನ್ನು ಮೂರು ನಾಣ್ಯಕ್ಕೆ ಕೊಳ್ಳುತ್ತೇವೆ. ಗುಲಾಮನನ್ನು ಖರ್ಚು ಮಾಡಿ ಹಂತಕನ ಕೈ ಒಂದು ಟೈಲ್ ಉದ್ದ ಮಾಡುತ್ತಿದ್ದೆವು, ಈಗ ಫಕೀರನನ್ನು ಖರ್ಚು ಮಾಡುತ್ತೇವೆ!

ಫಕೀರ ಅನ್ನುವ ಪದ ನಮಗೆ ದೂರದ್ದಲ್ಲ. ‘ಫಕ್ರ್’ ಅಂದರೆ ಬಡತನ, ಅಲ್ಲಾಹನ ಮುಂದೆ ತನಗೇನೂ ಇಲ್ಲ ಅಂತ ನಿಲ್ಲುವ ಬಡತನ. ಅದನ್ನು ತಾನಾಗಿ ಆರಿಸಿಕೊಂಡವನು ಫಕೀರ. ಶಿರಹಟ್ಟಿಯಲ್ಲಿ ಫಕೀರೇಶ್ವರ ಮಠ ಇದೆ. ಗದಗ, ಹುಬ್ಬಳ್ಳಿ ಕಡೆ ಹಿಂದೂ ಮನೆಗಳಲ್ಲೂ ಫಕೀರಪ್ಪ ಅಂತ ಹೆಸರಿಡುತ್ತಾರೆ. ಕೊಳ್ಳಲಾಗದವನು ಅನ್ನುವುದೇ ಆ ಹೆಸರಿನ ಗೌರವ. ಅವನನ್ನು ತಂದು ಸಂತೆಯ ಸಾಲಿನಲ್ಲಿ ನಿಲ್ಲಿಸಿದ್ದು ಕಂಪನಿಯ ದುರುದ್ದೇಶ ಅಂತ ನಾನು ಭಾವಿಸುವುದಿಲ್ಲ. ಅರಬ್ಬೀ ಚಿತ್ರಕ್ಕೆ ಹೊಂದುವ, ಯಾರಿಗೂ ನೋವಾಗದ ಒಂದು ಹೆಸರು ಬೇಕಿತ್ತು, ಕೈಗೆ ಸಿಕ್ಕಿದ್ದು ಇದು. ಗುಲಾಮ ಅನ್ನುವ ಹೆಸರು ಕಡೇಪಕ್ಷ ಆ ವ್ಯವಹಾರದ ನಿಜ ಹೇಳುತ್ತಿತ್ತು. ಹೊಸ ಹೆಸರು ಅದನ್ನು ಮುಚ್ಚಿತು. ಒಂದು ಕಡೆ ಮಾತ್ರ ಹೆಸರು ಅಕಸ್ಮಾತ್ ಸರಿ ಕೂತಿದೆ: ಆಟ ಮುಗಿದಾಗ ಕೈಯಲ್ಲುಳಿದ ಫಕೀರನಿಗೆ ಸೊನ್ನೆ ಅಂಕ. ಫಕೀರನ ಲೆಕ್ಕ ಯಾವಾಗಲೂ ಸೊನ್ನೆಯೇ ತಾನೇ.

ಜಿನ್ನ್‌ಗಳ ಕಡೆ ಬಂದರೆ ಅವಸರ ಇನ್ನೂ ಎದ್ದು ಕಾಣುತ್ತೆ. ಒಟ್ಟು 22 ಎಲೆ. ಅದರಲ್ಲಿ ಸುಮೇರಿಯದ ದೇವರು ಎಂಕಿ ಇದ್ದಾನೆ, ಕಾನಾನಿನ ಬಾಲ್ ಇದ್ದಾನೆ, ಗ್ರೀಕರ ಎಕಿಡ್ನಾ ಇದ್ದಾಳೆ, ಪಾರಸಿಗಳ ಹೌರ್ವತಾತ್ ಇದೆ. ಇಬ್ಲೀಸ್ ಇದ್ದಾನೆ, ಅವನು ಜಿನ್ನ್‌ಗಳ ಪೈಕಿ ಅಂತ ಕುರ್‌ಆನ್ ಹೇಳುವುದರಿಂದ ಅವನ ಬಗ್ಗೆ ತಕರಾರಿಲ್ಲ. ಆದರೆ ಮುನ್ಕರ್, ನಕೀರ್? ಕಬರಿನಲ್ಲಿ ಬಂದು ಪ್ರಶ್ನೆ ಕೇಳುವ ಮಲಕುಗಳು ಅಂತ ಮದ್ರಸಾದ ಮಗುವಿಗೂ ಗೊತ್ತು. ಮಿಅ್‌ರಾಜಿನ ಸವಾರಿಯಾದ ಬುರಾಕ್? ‘ಅಲ್-ಅಮೀನ್’ ಅನ್ನುವ ಹೆಸರೂ ಇದೆ. ಪ್ರವಾದಿ ಮುಹಮ್ಮದ್(ಸ) ಅವರನ್ನು ಮಕ್ಕಾದ ಜನ ನಂಬಿಕಸ್ತ ಎಂಬ ಅರ್ಥದಲ್ಲಿ ಕರೆಯುತ್ತಿದ್ದ ಹೆಸರು ಅದು. ಹಾರೂನ್ ರಶೀದನ ಮಗನೊಬ್ಬ ಅದೇ ಹೆಸರಿನ ಖಲೀಫನಾಗಿದ್ದ. ಸಾವಿರದೊಂದು ರಾತ್ರಿಗಳ ನಾಡಿನ ಆಟ ಅನ್ನುವುದರಿಂದ ಅವನನ್ನೇ ಅಂದುಕೊಂಡರೆ ಒಳ್ಳೆಯದು. ಹಾಗಂದುಕೊಂಡರೂ ಖಲೀಫ ಹೇಗೆ ಜಿನ್ನ್ ಆದ?

ದೈವನಿಂದೆ ಅಂತ ಗದ್ದಲ ಮಾಡುವ ವಿಷಯ ಇದಲ್ಲ, ನನಗೆ ಅದರಲ್ಲಿ ಆಸಕ್ತಿಯೂ ಇಲ್ಲ. ನನ್ನ ದೂರು ಓದುಗನದು. ಮಲಕ್ ಬೇರೆ, ಜಿನ್ನ್ ಬೇರೆ, ದೇವರು ಬೇರೆ, ಖಲೀಫ ಬೇರೆ ಅನ್ನುವ ವ್ಯತ್ಯಾಸವೇ ಕಾಣದಷ್ಟು ದೂರದಿಂದ ನೋಡಿದವರು ಮಾಡಿದ ಪಟ್ಟಿ ಇದು. ಆ ದೂರಕ್ಕೆ ಒಂದು ಪರಂಪರೆಯೂ ಇದೆ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಆಂತ್ವಾನ್ ಗಲಾನ್ ಆ ಕಥೆಗಳನ್ನು ಫ್ರೆಂಚಿಗೆ ತಂದಾಗ ಅಲ್ಲಾದೀನನ ಕಥೆ ಅವನ ಅರಬಿ ಹಸ್ತಪ್ರತಿಯಲ್ಲಿ ಇರಲಿಲ್ಲ. ಅದನ್ನು ಅವನಿಗೆ ಹೇಳಿದವನು ಪ್ಯಾರಿಸಿಗೆ ಬಂದಿದ್ದ ಅಲೆಪ್ಪೊದ ಹನ್ನಾ ದಿಯಾಬ್. ನಕಲಾ ಊರು ಆ ಅರೇಬಿಯಾದ ನಕಲು. ಒಂದೇ ಒಂದು ಎಲೆಯಲ್ಲಿ ಹೆಸರಿಗೂ ಕೆಲಸಕ್ಕೂ ಸಂಬಂಧ ಕೂಡಿ ಬಂದಿದೆ: ‘ಜಾಫರ್’ ಸಿಕ್ಕಿದವನಿಗೆ ಒಬ್ಬೊಬ್ಬ ವಜೀರನಿಗೆ 1ರ ಬದಲು 3 ಅಂಕ. ಹಾರೂನನ ವಜೀರ ಜಾಫರ್ ಬರ್ಮಕಿಯ ಹೆಸರು ಕೇಳಿದವರಿಗೆ ಇದು ಖುಷಿ ಕೊಡುತ್ತೆ. ಉಳಿದವೂ ಹೀಗಿದ್ದಿದ್ದರೆ!

“ಹೆಸರಲ್ಲಿ ಏನಿದೆ ಅಂಕಲ್, ಆಡುವಾಗ ಯಾರೂ ಹೆಸರು ಹೇಳುವುದೇ ಇಲ್ಲ” ಅಂತ ನಮ್ಮ ಗುಂಪಿನ ಇಂಜಿನಿಯರಿಂಗ್ ಹುಡುಗನೊಬ್ಬ ವಾದಿಸಿದ. ಮಾತು ನಿಜ. ಎರಡನೇ ಸುತ್ತಿಗೆ ವಜೀರ ಹೋಗಿ ‘ಹಳದಿ’ ಆಗಿರುತ್ತಾನೆ, ಹಂತಕ ‘ಕೆಂಪು’. ಯಾರೂ “ನಾನು ಮೂವರು ವ್ಯಾಪಾರಿಗಳನ್ನು ಕರೆದುಕೊಂಡೆ” ಅನ್ನುವುದಿಲ್ಲ, “ಮೂರು ಹಸಿರು” ಅಂತಾರೆ. ಒಂದು ಆಟದ ಕಥೆ ಎಷ್ಟು ತೆಳು ಅಂತ ತಿಳಿಯಲು ಇದೇ ಪರೀಕ್ಷೆ. ‘ಅಗ್ರಿಕೋಲಾ’ದಲ್ಲಿ ಯಾರೂ “ಬಿಳಿ ಘನ” ಅನ್ನುವುದಿಲ್ಲ, ಕುರಿ ಅಂತಲೇ ಅನ್ನುತ್ತಾರೆ, ಯಾಕಂದ್ರೆ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಬೇಕು, ಮರಿ ಹಾಕಿಸಬೇಕು, ಹಸಿದಾಗ ಬೇಯಿಸಬೇಕು. ಅಲ್ಲಿ ಹೆಸರನ್ನು ನಿಯಮ ಹೊತ್ತಿದೆ. ಇಲ್ಲಿ ಹೆಸರು ಡಬ್ಬಿಯ ಬಣ್ಣದ ಹಾಗೆ ಹೊರಗೆ ಉಳಿದಿದೆ.

ಹಾಗಂತ ಈ ಆಟದ ನಿಯಮಗಳಲ್ಲಿ ಅರ್ಥವೇ ಇಲ್ಲ ಅಂತಲ್ಲ. ಹೆಸರು ಮರೆತು ನಿಯಮ ಮಾತ್ರ ನೋಡಿದರೆ ಅದು ಬೇರೆಯೇ ಕಥೆ ಹೇಳುತ್ತೆ, ಅದೂ ಸಣ್ಣ ಕಥೆಯಲ್ಲ. ಒಂಟೆ ನಿಲ್ಲಿಸಬೇಕಾದರೆ ಟೈಲ್ ಖಾಲಿಯಾಗಬೇಕು. ಜನ ಇರುವ ತನಕ ಜಾಗ ಯಾರದೂ ಅಲ್ಲ. ಕೊನೆಯ ಮನುಷ್ಯನನ್ನು ಎತ್ತಿದ ಗಳಿಗೆಯಲ್ಲಿ ಅದು ನಿಮ್ಮದಾಗುತ್ತೆ, ಎತ್ತಲು ಆಗದಿದ್ದರೆ ಹಂತಕನನ್ನು ಕಳಿಸಬಹುದು. 90 ಜನರಿದ್ದ ಊರಿನಲ್ಲಿ ಆಟ ಮುಗಿಯುವ ಹೊತ್ತಿಗೆ ಅಲ್ಲೊಬ್ಬ ಇಲ್ಲೊಬ್ಬ ನಿಂತಿರುತ್ತಾನೆ, ಎಲ್ಲೆಲ್ಲೂ ಒಂಟೆಗಳು, ತಾಳೆ ಮರಗಳು, ಅರಮನೆಗಳು. ನೋಡಲು ಚೆಂದ. ಇನ್ನೊಂದು ವಿಚಿತ್ರ ಇದೆ. ನೀವು ಹಿಡಿದ ಹಳ್ಳಿಯಲ್ಲಿ ಆಮೇಲೆ ಯಾರು ಬಂದು ನಡೆ ಮುಗಿಸಿದರೂ ಅವರು ಅಲ್ಲಿ ಒಂದು ಅರಮನೆ ಕಟ್ಟಲೇಬೇಕು, ಅದರ 5 ಅಂಕ ನಿಮಗೆ. ಓಯಸಿಸ್‌ನಲ್ಲಾದರೆ ತಾಳೆ ಮರ, 3 ಅಂಕ. ಅಂದರೆ ಖಾಲಿ ಮಾಡಿಸಿದವನ ಆಸ್ತಿಯ ಬೆಲೆಯನ್ನು ಆಮೇಲೆ ಬಂದವರು ತಮ್ಮ ದುಡಿಮೆಯಿಂದ ಏರಿಸುತ್ತಾರೆ. ಮುಂಬಯಿಯ ಗಿರಣಗಾಂವ್ ಕಡೆಯ ಚಾಳುಗಳ ಜಾಗದಲ್ಲಿ ಗೋಪುರಗಳು ಎದ್ದದ್ದನ್ನು ನೋಡಿದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆಟ ರಚಿಸಿದವರು ಇದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ಬರೆದರು ಅಂತ ನಾನು ವಾದಿಸುವುದಿಲ್ಲ. ಕಥಾಲಾ ಅವರ ಗಮನ ಇದ್ದದ್ದು ಚೆನ್ನೆಮಣೆಯಂಥ ಹಳೆಯ ನಡೆಗೆ ಹೊಸ ತಿರುವು ಕೊಡುವುದರ ಮೇಲೆ, ಅದರಲ್ಲಿ ಅವರು ಗೆದ್ದಿದ್ದಾರೆ. ಆದರೆ ಎಲ್ಲಿಂದಲೋ ಬಂದ ಅಪರಿಚಿತರು ಸ್ಥಳೀಯ ಜನರನ್ನು ನಡೆಸಿ ಊರು ಗೆಲ್ಲುತ್ತಾರೆ ಅಂತ ಡಬ್ಬಿ ಹೇಳುತ್ತೆ. ಹೇಗೆ ಗೆಲ್ಲುತ್ತಾರೆ ಅಂತ ನಿಯಮಪುಸ್ತಕ ತೋರಿಸುತ್ತೆ. ಆ ಎರಡರ ನಡುವೆ ಮುನ್ಕರ್-ನಕೀರರ ಚಿತ್ರಗಳು ಇಲ್ಲದಿದ್ದರೆ ಬಹುಶಃ ಇದು ನಮಗೆ ಇನ್ನೂ ಬೇಗ ಕಾಣುತ್ತಿತ್ತು.

ಕೊಳ್ಳಬೇಕೇ ಅಂತ ಕೇಳುವವರಿಗೆ: ಜೊತೆಗೆ ಆಡುವವರು ಒಬ್ಬರೇ ಇದ್ದು, ಇಬ್ಬರಿಗೂ ಲೆಕ್ಕ ಇಷ್ಟವಾದರೆ ಯೋಚನೆಯೇ ಬೇಡ. ಮೂವರಿಗೂ ಚೆನ್ನಾಗಿದೆ. ನಾಲ್ವರಿದ್ದರೆ ಎಲ್ಲರಿಗೂ ಕನಿಷ್ಠ ಎರಡು ಸಲ ಆಡಿದ ಅನುಭವ ಇರಲಿ, ಒಂದು ಸರದಿಗೆ ಎರಡು ನಿಮಿಷ ಅಂತ ಮೊದಲೇ ಮಾತಾಗಿರಲಿ. ಮಕ್ಕಳ ಜೊತೆ ಆಡಬೇಕು ಅನ್ನುವವರು ಇದೇ ಕಥಾಲಾ ಅವರ ‘ಕಿಂಗ್‌ಡೊಮಿನೊ’ ತಗೊಳ್ಳಿ. 2017ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಪಡೆದದ್ದು, ಕಾಲು ಗಂಟೆಯಲ್ಲಿ ಮುಗಿಯುತ್ತೆ. ‘ಫೈವ್ ಟ್ರೈಬ್ಸ್’ ಕಲಿಸುವಾಗ ಬಣ್ಣಗಳಿಂದ ಶುರು ಮಾಡಬೇಡಿ, ಮೊದಲು ಕಾಯಿಗಳನ್ನು ಬಿಡುತ್ತಾ ನಡೆಯುವುದನ್ನು ಹತ್ತು ಸಲ ಮಾಡಿಸಿ. ಮನೆಯಲ್ಲಿ ಚೆನ್ನೆಮಣೆ ಇದ್ದರೆ ಅದರಲ್ಲೇ.

ನಮ್ಮ ಮೇಜಿನಲ್ಲಿ ನಾವು ಮಾಡಿಕೊಂಡಿರುವ ವ್ಯವಸ್ಥೆ ಒಂದಿದೆ. ಮುನ್ಕರ್, ನಕೀರ್, ಬುರಾಕ್, ಅಲ್-ಅಮೀನ್ ಈ ನಾಲ್ಕು ಎಲೆಗಳನ್ನು ಆಟ ಶುರುವಾಗುವ ಮೊದಲೇ ಡಬ್ಬಿಯಲ್ಲಿ ಬಿಡುತ್ತೇವೆ. 18 ಜಿನ್ನ್ ಉಳಿಯುತ್ತವೆ, ಇಷ್ಟು ದಿನ ಆಡಿದ್ದರಲ್ಲಿ ಅವು ಸಾಲದೆ ಬಂದದ್ದು ಒಮ್ಮೆಯೂ ಇಲ್ಲ. ಫಕೀರನ ಎಲೆಗೆ ‘ಕೂಲಿ’ ಅಂತ ಹೆಸರಿಟ್ಟಿದ್ದೇವೆ. ಮೂರು ನಾಣ್ಯಕ್ಕೆ ಸಿಗುವವನು, ಒಂದು ಕೆಲಸಕ್ಕೆ ಬಂದು ಹೋಗುವವನು, ಕೊನೆಯ ಲೆಕ್ಕದಲ್ಲಿ ಬರದವನು. ನಿಯಮ ಒಂದನ್ನೂ ಮುಟ್ಟಬೇಕಾಗಲಿಲ್ಲ.